ಮೊದಲ ಬುಟ್ಟಿ

ಇಲ್ರಿ ಕಾಕಾ, ಕುರ್ಚಿ ಬ್ಯಾಡ, ಈ ಚೀಲದ ಮ್ಯಾಲೆ ಕುಂಡ್ರತೇನಿ. ಚಾ ಸೈತ ಬ್ಯಾಡ, ಬಸ್‌ಸ್ಟ್ಯಾಂಡಿನ್ಯಾಗ ಎರಡು ಸಲ ಆತು. ಐದರ ಬಾದಾಮಿ ಬಸ್ಸಿಗೆ ಹೊಳ್ಳಿ ಹೋಗಬೇಕು. ನನ್ನ ಸಲುವಾಗಿ ಗಿರಣಿ ಬಂದ್ ಮಾಡೂದು ಬ್ಯಾಡ… ಮಾಡೇಬಿಟ್ರಿ? ಇರಲಿ ಬಿಡ್ರಿ. ಗದ್ದಲದಾಗ ಹೇಳೂದು ನನಗ ಸಲೀಸ ಆಗತಿತ್ತು.

ಗುರುತ ಹತ್ತಲಿಲ್ಲೇನ್ರಿ? ನಾ ಬಾದಾಮಿ ಮಹೇಶ್ವರಿ. ಎರಡು ವರ್ಷದ ಹಿಂದ ಹನ್ನೊಂದು ಚೀಲ ಕೆಂಪ ಕಲ್ಲು ಟಂಟಂ ಗಾಡ್ಯಾಗ ಹೇರಿಕೊಂಡು ಬಂದಿದ್ದೆನಲ್ಲ. "ಏನವಾ, ಬಾದಾಮಿ ಗುಡ್ಡ ಇಳಕಲ್ಲಿಗೆ ವರ್ಗ ಆತೇನು?" ಅಂತ ಕೇಳಿದ್ರಿ. ಹಾಂ, ಅಕೀನ ನಾನು. ಸ್ವಲ್ಪ ತೆಳ್ಳಗ ಆಗೇನಿ, ಅಷ್ಟ.

ನಮ್ಮ ಯುನಿವರ್ಸಿಟಿಯ ಕಲ್ಲು ಒಡಿಯೂ ಮಶೀನ್ ಕೆಟ್ಟು ಏಳು ತಿಂಗಳಾಗಿತ್ತು. ರಿಪೇರಿಗೆ ಅರ್ಜಿ ಕೊಟ್ಟಿದ್ವಿ. ಮಶೀನಿಗೆ ಜಂಗ ಹಿಡೀತು, ಅರ್ಜಿ ಇನ್ನೂ ಚಲೋ ಐತಿ. ಇಳಕಲ್ಲಿನ್ಯಾಗ ಮುರ್ತುಜಸಾಬರ ಗಿರಣಿ ಐತಿ, ರಂಗೋಲಿಗೆ ಬಿಳಿ ಕಲ್ಲು, ಟೈಲ್ಸಿನವರಿಗೆ ಪಾಲಿಶ್ ಕಾರಖಾನಿ ತುಂಡು, ಏನ ಒಯ್ದ್ರೂ ಹಿಟ್ಟು ಮಾಡಿ ಕೊಡ್ತಾರ ಅಂತ ಯಾರೋ ಹೇಳಿದ್ರು. ಬಂದೆ.

ಪಿಎಚ್‌ಡಿ? ಮುಗೀಲಿಲ್ರಿ. ಅದನ್ನ ಹೇಳಾಕ ಬಂದೇನಿ.

ಆ ಕಲ್ಲಿನ್ಯಾಗ ಏನು ಹುಡುಕ್ತಿದ್ದೆ ಅಂತ ಅವತ್ತು ನಿಮಗ ಹೇಳಿರಲಿಲ್ಲ. ನಮ್ಮಪ್ಪ ಶಿವಯೋಗ ಮಂದಿರದಾಂವ, ಅಲ್ಲಿ ಹೊಳಿ ದಂಡಿಮ್ಯಾಲೆ ಆಡಿ ಬೆಳದಾಕಿ ನಾನು. ಮಲಪ್ರಭಾದ ಉಸುಕು ಒಂದು ಬೊಗಸಿ ಹಿಡೀರಿ. ಒಂದೊಂದು ಕಾಳು ಒಂದೊಂದು ಗುಡ್ಡದಿಂದ ಬಂದದ್ದು. ಬಾದಾಮಿ ಕಲ್ಲಂದ್ರೂ ಅಷ್ಟ, ಯಾವಾಗೋ ಹರದ ಹೊಳಿ ಉಸುಕು, ಕುಂತಲ್ಲೇ ಗಟ್ಟಿ ಆಗೇತಿ. ಆ ಉಸುಕು ಎಲ್ಲಿಂದ ಬಂತು? ಎರಡು ಭೂಖಂಡ ಒಂದಕ್ಕೊಂದು ಡಿಕ್ಕಿ ಹೊಡದು, ನಡುವ ಗುಡ್ಡ ಎದ್ದು, ಆ ಗುಡ್ಡ ಸವದು ಉಸುಕಾಗಿ ಹರಕೊಂಡು ಬಂತು. ಗುಡ್ಡ ಹೋತು, ಉಸುಕು ಉಳೀತು. ಅದರಾಗ ಜಿರ್ಕಾನ್ ಅಂತ ಒಂದು ಕಾಳು ಇರತೈತಿ, ಗಸಗಸಿಕಿಂತ ಸಣ್ಣದು. ಅದಕ್ಕ ತನ್ನ ವಯಸ್ಸು ಗೊತ್ತು. ಕಲ್ಲು ಪುಡಿ ಮಾಡಿ, ಆ ಕಾಳು ಆರಿಸಿ, ವಯಸ್ಸು ಕೇಳಿದ್ರ ಯಾವ ಭೂಖಂಡ ಯಾವಾಗ ಬಂದು ಬಡೀತು ಅಂತ ಹೇಳತೈತಿ.

ಯಾಕ ನಗ್ತೀರಿ? ಸರಕಾರ ಇದಕ್ಕ ಐದು ವರ್ಷ ಫೆಲೋಶಿಪ್ ಕೊಟ್ಟೈತ್ರಿ. ನಮ್ಮವ್ವ ಗುರುಲಿಂಗವ್ವನೂ ಹಿಂಗ ನಗ್ತಿದ್ಲು. "ಅವು ಬಡದಾಡಿ ಕೋಟಿ ವರ್ಷ ಆತಂತ, ಈಗ ನೀ ಜಗಳಾ ಬಿಡಸಾಕ ಹೊಂಟಿ ಏನು?" ಅಂತಿದ್ಲು.

ಆ ಹನ್ನೊಂದು ಚೀಲ ಗುಡ್ಡದಿಂದ ನಾನ ಹೊತ್ತ ಇಳಿಸಿದ್ದು, ಕಾಕಾ. ಪರ್ಮಿಶನ್ ಕಾಗದ ತೋರಿಸಿದ್ರೂ ಅಲ್ಲಿನ ಕಾವಲುಗಾರ ಗಾಳೆಪ್ಪ ಮೂರು ದಿನ ಬಿಡಲಿಲ್ಲ. ಕಾಗದದ ಮ್ಯಾಲಿನ ಶಿಕ್ಕಾ ನೀಲಿ ಐತಿ, ಹೋದ ಸಲ ಬಂದವರದು ಕೆಂಪಿತ್ತು ಅಂತ. ಏಳನೇ ಚೀಲ ಒಂದು ಮಂಗ್ಯಾ ಹರೀತು. ತಿನ್ನಾಕ ಏನೂ ಸಿಗಲಿಲ್ಲ ಅಂತ ಸಿಟ್ಟು ಬಂದು ಒಂದು ಕಲ್ಲು ನನ್ನ ಮ್ಯಾಲೇ ಒಗೀತು. ಮೊಣಕಾಲಿಗೆ ಬಡದ ಆ ಕಲ್ಲೂ ಹುಡುಕಿ, ನಂಬರ್ ಬರದು, ಚೀಲಕ್ಕ ಹಾಕ್ಕೊಂಡು ಬಂದೆ. ಒಂದೂ ಬಿಡಲಿಲ್ಲ.

ಇಲ್ಲಿ ಪುಡಿ ಆತು. ಕಾಳು ಆರಿಸಿದ್ದು ಪರದೇಶದ ಲ್ಯಾಬಿಗೆ ಹೋತು. ನಾಲ್ಕು ತಿಂಗಳಿಗೆ ಲೆಕ್ಕ ಬಂತು. ಒಂದನೇ ಚೀಲದಾಗ, ಅದೊಂದರಾಗ ಮಾತ್ರ, ನಲವತ್ತೊಂದು ಕಾಳಿನ ವಯಸ್ಸು ಬ್ಯಾರೇನ. ಉಳದ ಹತ್ತು ಚೀಲದಾಗ ಇಲ್ಲ, ನಮ್ಮ ಸುತ್ತಿನ ಯಾವ ಗುಡ್ಡದಾಗೂ ಇಲ್ಲ. ನನ್ನ ಗೈಡ್ ಶೀಲಾ ಮೇಡಂ ಕುರ್ಚಿಬಿಟ್ಟು ಎದ್ದು ನಿಂತ್ರು. ಹದಿನೆಂಟು ವರ್ಷದಾಗ ಅವರು ಹಂಗ ಎದ್ದದ್ದು ಭೂಕಂಪ ಆದಾಗ ಒಮ್ಮೆ ಅಂತ, ಪ್ಯೂನ್ ಹೇಳಿದ. ಯಾರಿಗೂ ಗೊತ್ತಿಲ್ಲದ ಒಂದು ಭೂಖಂಡ ಬಂದು ಬಡದಿರಬೇಕು ಅಂದ್ರು. ನಾ ಒಂದು ಅಧ್ಯಾಯ ಬರದೆ, ಎಂಬತ್ತು ಪುಟ. ನಕಾಶಿ ತಗದೆ. ಆ ಭೂಖಂಡಕ್ಕ ಹಸರ ಬಣ್ಣ ಹಚ್ಚಿದೆ. ಒಂದು ಸಭಾದಾಗ ಓದಿದಾಗ ಚಪ್ಪಾಳಿ ಬಿತ್ತು. ಹುಟ್ಟಿ ಮೂವತ್ತಮೂರು ವರ್ಷದಾಗ ನಾ ಮಾಡಿದ ಕೆಲಸ ಅಂದ್ರ ಅದೊಂದ ಭೂಖಂಡ.

ಆಮ್ಯಾಲೆ ಏನಾತಂದ್ರ… ನೀರು ಕೊಡ್ರಿ ಒಂದೀಟು. ಸಾಕು.

ಹೊರಗಿನ ಪರೀಕ್ಷಕರೊಬ್ಬರು ಪ್ರಬಂಧ ನೋಡಿ ಎರಡು ಸಾಲು ಬರದಾರ. "ಈ ನಲವತ್ತೊಂದು ಕಾಳುಗಳ ವಯಸ್ಸು, ಮನೆಗಳ ನೆಲಕ್ಕೆ ಹಾಸುವ ಒಂದು ಗುಲಾಬಿ ಕಲ್ಲಿನ ವಯಸ್ಸಿಗೆ ಸರಿಯಾಗಿ ಹೊಂದುತ್ತದೆ. ಮಾದರಿಗಳನ್ನು ಎಲ್ಲಿ ಪುಡಿ ಮಾಡಲಾಯಿತು?" ಇಷ್ಟ. ಅವರ ಮನಿ ಪಡಸಾಲ್ಯಾಗ ಅದ ಕಲ್ಲು ಇರಬೇಕು.

ಹೌದ್ರಿ, ಅದ. ಅಲ್ಲಿ ಮೂಲ್ಯಾಗ ಒಟ್ಟೀರಲ್ಲ, ಉತ್ತರದ ಕಡಿಂದ ಬರೂದು, ಪಾಲಿಶ್ ಕಾರಖಾನಿ ತುಂಡು. ಅವತ್ತು ನನ್ನ ಕಲ್ಲಿನ ಮುಂಚೆ ನೀವು ಅದನ್ನ ಬೀಸಿದ್ರಿ. ಅದರ ಪುಡಿ ಒಳಗ ಕುಂತಿತ್ತು, ನನ್ನ ಮೊದಲ ಚೀಲದ ಜೋಡಿ ಹೊರಗ ಬಂತು. ಡಿಕ್ಕಿ ಆದದ್ದು ಖರೆ. ಆದ್ರ ನಿಮ್ಮ ಗಿರಣಿ ಹೊಟ್ಟ್ಯಾಗ.

ಸೋಮವಾರ ಯುನಿವರ್ಸಿಟಿ ಕಮಿಟಿ ನನ್ನ ಕರದೈತಿ. ನನ್ನ ಪ್ರಬಂಧದಾಗ "ಗಿರಣಿಯನ್ನು ಸ್ವಚ್ಛಗೊಳಿಸಿದ ನಂತರ" ಅಂತ ಐತಿ. ಎಲ್ಲಾರ ಪ್ರಬಂಧದಾಗೂ ಇರತೈತಿ ಬಿಡ್ರಿ, ಆ ಸಾಲು ಒಬ್ಬರಿಂದ ಒಬ್ಬರಿಗೆ ಬರತೈತಿ. ಕಮಿಟಿಯವರು ಕೇಳೂದು ಒಂದ ಮಾತು, ತಪ್ಪು ಯಾರದು ಅಂತ. ಗಿರಣಿಯವರು ಮರತಿದ್ರ, ಹೋಗ್ಲಿ, ಆರು ತಿಂಗಳು ತಗೊಂಡು ಮತ್ತ ಮಾಡು ಅಂತಾರ. ಗೊತ್ತಿದ್ದೂ ನಾ ಬಿಟ್ಟಿದ್ದೆ ಅಂದ್ರ ಪಿಎಚ್‌ಡಿಯಿಂದ ನನ್ನ ಹೆಸರು ತಗೀತಾರ. ಐದು ವರ್ಷ ಅಲ್ಲಿಗೆ ಮುಗೀತು.

ಅದಕ್ಕ ಈ ಕಾಗದ. ನಾನ ಟೈಪ್ ಮಾಡಿಸೇನಿ, ನಿಮಗ ತ್ರಾಸ ಬ್ಯಾಡ ಅಂತ. ಚಸ್ಮಾ ಹಾಕ್ಕೋರಿ. "ನಾನು ಮುರ್ತುಜಸಾಬ, ಆ ದಿನ ಕೆಲಸದ ಗಡಿಬಿಡಿಯಲ್ಲಿ ಗಿರಣಿಯನ್ನು ಸ್ವಚ್ಛ ಮಾಡಲು ಮರೆತೆ. ಇದರಲ್ಲಿ ಸಂಶೋಧಕಿಯ ತಪ್ಪಿಲ್ಲ." ಕೆಳಗ ಒಂದು ಸಹಿ. ಇದನ್ನ ಇಳಕಲ್ಲಿನ್ಯಾಗ ಯಾರೂ ಓದೂದಿಲ್ಲ. ಖರೆ ಹೇಳಬೇಕಂದ್ರ ಕಮಿಟಿಯವರೂ ಪೂರಾ ಓದೂದಿಲ್ಲ. ಫೈಲಿನ್ಯಾಗ ಹೋಗಿ ಕುಂಡ್ರತೈತಿ. ನಿಮ್ಮ ಗಿರಾಕಿ ಒಬ್ಬರೂ ಕಡಿಮಿ ಆಗೂದಿಲ್ಲ.

ಎರಡನೇ ಸಲ ಯಾಕ ಓದ್ತೀರಿ? ಎರಡ ಸಾಲು ಅದಾವ.

ಮರಿಯೂದು ಮನಷ್ಯಾಗ ಇದ್ದದ್ದ, ಕಾಕಾ. ಅವತ್ತು ನಿಮಗ ನಮಾಜಿಗೆ ಹೊತ್ತಾಗಿತ್ತು… ಇಲ್ಲ? ಹೌದು, ಮುಗಿಸಿಕೊಂಡ ಬಂದಿದ್ರಿ, ತಲಿಮ್ಯಾಲೆ ಟೊಪ್ಪಿಗಿ ಇತ್ತು. ಕರೆಂಟ್ ಹೋಗಿ ಬಂದು ಮಾಡತಿತ್ತು… ಅದೂ ಇಲ್ಲ. ನಿಮ್ಮ ಮಗ ಬಂದೇನವಾಜ ಊರಾಗ ಇರಲಿಲ್ಲ, ನೀವು ಒಬ್ಬರ ಆಗಿದ್ರಿ… ಇದ್ದ. ಟಂಟಂದಿಂದ ಚೀಲ ಇಳಿಸಿದಾಂವ ಅವನ. ಆತು. ನಾ ಹೊರಗ ಫೋನಿನ್ಯಾಗ ಮಾತಾಡ್ತಿದ್ದೆ ನೋಡ್ರಿ, ಒಳಗ ಏನು ನಡೀತು ನನಗ ಹೆಂಗ ಗೊತ್ತಾಗಬೇಕು.

ಹಂಗ ನೋಡಬ್ಯಾಡ್ರಿ. ಫೋನ್ ಆಮ್ಯಾಲೆ ಬಂತು.

ಎಲ್ಲಿ ಹೊಂಟ್ರಿ? ಪೆನ್ನು ನನ್ನ ಹತ್ರ ಐತಿ… ಮುರ್ತುಜ ಕಾಕಾ? ಏನ ಹುಡುಕ್ತೀರಿ ಅಲ್ಲಿ?

ಆ ಬುಟ್ಟಿ ಯಾಕ ತಂದ್ರಿ?

ನನ್ನ ಮುಂದ ಯಾಕ ಇಟ್ರಿ? ಏನಾರ ಅನ್ರಿ. ಒಲ್ಲೆ ಅನ್ರಿ. ಬೈರಿ ಬೇಕಾದ್ರ, ಬೈದ್ರ ನಾ ಎದ್ದು ಹೋಗ್ತೇನಿ, ನನಗೂ ಹಗರ ಆಗತೈತಿ. ನೀವು ಹಿಂಗ ಕುಂತು ಬುಟ್ಟಿ ನೋಡಿದ್ರ…

ಹೌದು. ಇದ ಬುಟ್ಟಿ. ಹಿಡಿಕಿಗೆ ತಂತಿ ಸುತ್ತಿದ್ದು.

ನೀವು ಹೇಳಿದ್ರಿ. "ಒಳಗ ಗುಲಾಬಿ ಐತವಾ. ಮೊದಲ ನಿನ್ನ ಕಲ್ಲ ಒಂದು ಬುಟ್ಟಿ ಬೀಸಿ ಚಲ್ಲೂಣು, ಆಮ್ಯಾಲೆ ಬಿಚ್ಚಿ ತೊಳಿಯೂಣು, ತಾಸು ಹಿಡೀತೈತಿ" ಅಂದ್ರಿ. ಹೇಳಿ ಸುಮ್ಮನಾಗಲಿಲ್ಲ, ಒಂದನೇ ಚೀಲ ಬಿಚ್ಚಿ ಬುಟ್ಟಿ ತುಂಬಿದ್ರಿ. ನಾ ನಿಮ್ಮ ಕೈಯಾಗಿಂದ ಕಸಗೊಂಡೆ. ಒಂದೊಂದು ಕಲ್ಲಿಗೆ ನಂಬರ್ ಐತಿ, ಚಲ್ಲಾಕ ತಂದಿಲ್ಲ ಅಂದೆ. ಬುಟ್ಯಾಗಿಂದ ಒಂದೊಂದ ಎಣಿಸಿ ಹೊಳ್ಳಿ ಚೀಲಕ್ಕ ಹಾಕಿದೆ. ತೊಳಿಯೂದೂ ಬ್ಯಾಡ, ಐದರ ಬಸ್ ಹೋಗತೈತಿ ಅಂದೆ. ನೀವು ಇನ್ನೊಮ್ಮೆ ಕೇಳಿದ್ರಿ. ಆಗ ನಾ ಏನಂದೆ ಅನ್ನೂದು ನಿಮಗ ನೆನಪೈತಿ, ನನಗೂ ಐತಿ. "ನಾ ಓದಿದಾಕಿ ಅದೀನ್ರಿ, ನನಗ ಗೊತ್ತೈತಿ" ಅಂದೆ. ನೀವು ಗಿರಾಕಿ ಹೇಳಿದಂಗ ಮಾಡಿದ್ರಿ.

ಕಾರ ಬೀಸಿದ ಗಿರಣ್ಯಾಗ ಜ್ವಾಳ ಹಾಕೂ ಮುಂಚೆ ನಮ್ಮವ್ವ ಒಂದು ಹಿಡಿ ಬೀಸಿಸಿ ಒಗಿಸ್ತಿದ್ಲು. ಗಿರಣಿಯಾಂವ ಒಗಿಯಾಕ ಒಲ್ಲೆ ಅಂದ್ರ ಪಾಳಿ ಬಿಟ್ಟು ಮನಿಗೆ ಬರ್ತಿದ್ಲು. ಅಕಿ ಸಾಲಿ ಕಟ್ಟಿ ಹತ್ತಿಲ್ಲ.

ಆ ನಲವತ್ತೊಂದು ಕಾಳಿನ ಲೆಕ್ಕ ಬಂದ ದಿನಾನ ನನಗ ಈ ಬುಟ್ಟಿ ಕಣ್ಣಮುಂದ ಬಂದಿತ್ತು, ಕಾಕಾ. ಪರೀಕ್ಷಕರು ಬರಿಯೂದಕ್ಕಿಂತ ಒಂದು ವರ್ಷ ಮೊದಲ. ಮೇಡಂ ಎದ್ದು ನಿಂತಿದ್ರಲ್ಲ, ಕುಂಡ್ರರಿ ಅನ್ನಾಕ ಬಾಯಿ ಬರಲಿಲ್ಲ. ಎಂಬತ್ತೂ ಪುಟ ಅದರ ಮ್ಯಾಲೆ ಬರದೆ.

ಕಾಗದ ಕೊಡ್ರಿ ಇಲ್ಲೆ. ನಿಮ್ಮ ಹೆಸರು ಹೊಡದ ಹಾಕ್ತೇನಿ. "ಮರೆತೆ" ಅನ್ನೂದೂ. ಮ್ಯಾಲೆ ಬರೀತೇನಿ, ಅಕ್ಷರ ಗೀಚಿದಂಗ ಬರತಾವ, ಇರಲಿ. "ನಾನು ಮಹೇಶ್ವರಿ. ಗಿರಣಿಯವರು ಎರಡು ಸಲ ಹೇಳಿದರೂ ಸ್ವಚ್ಛ ಮಾಡುವುದು ಬೇಡ ಎಂದವಳು ನಾನೇ." ಇದೂ ಎರಡ ಸಾಲಿನ್ಯಾಗ ಮುಗೀತು ನೋಡ್ರಿ.

ಗಡಿಯಾರ ಯಾಕ ನೋಡ್ತೀರಿ? ಗೊತ್ತೈತಿ, ಐದಕ್ಕ ಹತ್ತು ಕಡಿಮಿ ಐತಿ.

ಬಸ್ ಹೋಗಲಿ.