ದವಡೆಯ ಕೀಲು

ದಾದರಿನಲ್ಲಿ ಬೊರಿವಲಿ ಲೋಕಲ್ ರೈಲು ಹತ್ತಿದ ತಾಯಿ, ಮಗಳು ಕೂತ ಕೂಡಲೇ ಜಗಳಕ್ಕಿಳಿದರು. ಎದುರಿಗಿದ್ದ ಉಡುಪಿಯ ಸೇವಂತಿಗೆ ಕನ್ನಡ ಬರುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ.

"ಉಣ್ಣಾಕ ಬಾಯಿ ತೆರ್ಯಾಕ ಬರವಲ್ದು ಅಂತಿ, ಜಗಳಕ್ಕ ಹೆಂಗ ಬರತೈತಿ?"

ಮಗಳು ದವಡೆ ಒತ್ತಿಕೊಂಡಳು. "ನೀನ ಮಾಡಿದ್ದವ್ವಾ ಇದು."

"ನಾ ಏನ್ ಮಾಡೀನಿ?"

"ಗಂಡ ಹೊಡದಾ ಅಂತ ಬಂದಾಗೆಲ್ಲಾ ಹಲ್ಲ ಕಚ್ಚಿ ಬಾಳೇವು ಮಾಡು ಅಂದಿ. ನಿದ್ದ್ಯಾಗೂ ಕಚ್ಚೀನಿ. ಕಚ್ಚಿ ಕಚ್ಚೇ ಕೀಲು ಹಿಡದೈತಿ ಅಂದ್ರು ಡಾಕ್ಟರು."

"ರಾತ್ರಿ ಹಲ್ಲಿಗೆ ಹಾಕ್ಕೊಳ್ಳಾಕ ಗಾರ್ಡ್ ಕೊಟ್ಟಾರಲ್ಲ?"

"ಹಗಲಿಗೇನ್ ಹಾಕ್ಕೊಳ್ಳಲಿ?"

ಗೋರೆಗಾಂವ್ ಬಂತು. ತಾಯಿ ಎದ್ದಳು. "ನಮ್ಮನಿ ಸ್ಟೇಷನ್ ಬಂತು, ನಾ ಇಳೀತೀನಿ. ನೀ ಸುಮ್ಮನ ಬೊರಿವಲಿಗೆ ಗಂಡನ ಮನಿಗೆ ಹೋಗು."

ಸೇವಂತಿ ಕಾಲು ಸರಿಸಿ ದಾರಿ ಬಿಟ್ಟಳು.

"ಹಲ್ಲ ಕಚ್ಚಬ್ಯಾಡ ಅಂದಾರ ಡಾಕ್ಟರು," ಎಂದ ಮಗಳು ತಾಯಿಗಿಂತ ಮೊದಲೇ ಇಳಿದುಬಿಟ್ಟಳು.