ಮುಚ್ಚಳದ ಕಾಫಿ

ಬಹಳ ಹಿಂದೇನೂ ಅಲ್ಲ, ಆದರೆ ಬಹಳ ಉತ್ತರಕ್ಕೆ, ಎರಡು ಮಹಾ ಸರೋವರಗಳ ನಡುವಿನ ಊರೊಂದರಲ್ಲಿ ಕಬ್ಬಿಣದ ಆಮೆಗಳಿದ್ದವು. ಬೇರೆ ದೇಶದ ಟ್ಯಾಂಕುಗಳಿಗೆ ತಲೆಯಿರುತ್ತದೆ, ಅದು ಅತ್ತಿತ್ತ ತಿರುಗುತ್ತದೆ. ಸ್ವೀಡನ್ನಿನ ಈ ಆಮೆಗಳಿಗೆ ತಲೆಯೇ ಇರಲಿಲ್ಲ. ಹೊಟ್ಟೆಯೊಳಗೆ ಮೂವರು ಹುಡುಗರು. ಇಬ್ಬರು ಮುಂದಕ್ಕೆ ನೋಡುತ್ತ ಕೂರುವರು, ಮೂರನೆಯವನು ಹಿಂದಕ್ಕೆ ನೋಡುತ್ತ. ಆಮೆಗೆ ಹೆದರಿಕೆಯಾಗಿ ಹಿಂದೋಡಬೇಕಾದರೆ ಓಡಿಸುವವನು ಆ ಮೂರನೆಯವನೇ. ಉಳಿದ ಹೊತ್ತು ಅವನಿಗೆ ರೇಡಿಯೋದ ಕೆಲಸ. ಹಾಗೆ ಬೆನ್ನು ಹಾಕಿ ಕೂತು ಲೋಕ ನೋಡಿದವನು ಫೋಲ್ಕೆ. ಕಾಲ ಸರಿಯಿತು, ಆಮೆಗಳು ತುಕ್ಕು ಹಿಡಿದು ಮಲಗಿದವು, ಫೋಲ್ಕೆ ಮುದುಕನಾದ.

ಅದೇ ಊರಿನಲ್ಲಿ ತೂರೆ ಎಂಬ ಇನ್ನೊಬ್ಬ ಮುದುಕನಿದ್ದ. ದುಡಿಮೆಯ ಕಾಲವೆಲ್ಲ ಜನರ ಬಾಯಿಗೆ ಹಲ್ಲಿನ ಸೆಟ್ಟು ಮಾಡಿಕೊಟ್ಟವನು. ಈಗ ಅವೇ ಸಲಕರಣೆ ಹಿಡಿದು ಅಂಗೈಯಗಲದ ಟ್ಯಾಂಕುಗಳ ಹೊಟ್ಟೆಯೊಳಗೆ ಲೋಕ ಕಟ್ಟುತ್ತಿದ್ದ. ಅಂಗಡಿಯ ಡಬ್ಬಿಯಲ್ಲಿ ಬರುವುದು ಬರೀ ಚಿಪ್ಪು. ಒಳಗಿನ ಸೀಟು, ತಂತಿ, ಗುಂಡಿ, ಕನ್ನಡಿ ಎಲ್ಲ ಅವನ ಕೈಯಿಂದಲೇ ಹುಟ್ಟಬೇಕು. ಅವನು ಫೋಲ್ಕೆಗೊಂದು ಮಾತು ಕೊಟ್ಟಿದ್ದ. ಆ ಮಾತು ಮುರಿದುಕೊಂಡು ಕೂತಿದ್ದ ಒಂದು ಮಧ್ಯಾಹ್ನ ಮೇಜಿನ ಮೇಲಿನ ಫೋನು ಗುನುಗಿತು.

"ಹಲೋ? ಯಾರು ಮಾತಾಡ್ತಿರೋದು? ಫೋಲ್ಕೆ ದನಿ ಅಲ್ವಲ್ಲ ಇದು."

…

"ಓ, ಸೋಲ್ವೈ. ಅಪ್ಪನ ಫೋನಿಂದ ಮಗಳು. ನನ್ನ ಎದೆ ಧಸಕ್ ಅಂತು ನೋಡು. ಎಲ್ಲಿದೀರಿ? ಏನೋ ಸದ್ದು."

…

"ಹಾಂ, ರೈಲಲ್ಲಾ. ಗೋಥೆನ್‌ಬರ್ಗ್‌ನಿಂದ ವಾಪಸ್ ಬರ್ತಾ. ಏನಂದ್ರು ಕಣ್ಣಿನ ಡಾಕ್ಟ್ರು?"

…

"ಇರು, ಇರು. ರೈಲು ಕಾಡೊಳಗೆ ಹೋಗ್ತಿದೆ ಅನ್ಸುತ್ತೆ, ನಿನ್ನ ಮಾತು ತುಂಡು ತುಂಡಾಗಿ ಬರ್ತಿದೆ. ಡಾಕ್ಟ್ರು ಹೇಳಿದ್ದು ಆಮೇಲೆ ಹೇಳಮ್ಮ. ಅಪ್ಪ ಹೇಗಿದಾನೆ, ಅದು ಹೇಳು."

…

"ಮಾಡೆಲ್ಲಾ? ಅದು… ಬಣ್ಣ ಇನ್ನೂ ಒಣಗಿಲ್ಲ ಕಣಮ್ಮ."

…

"ಹೌದು, ಈಸ್ಟರಲ್ಲೂ ಅದನ್ನೇ ಹೇಳಿದ್ದೆ. ಈ ಸಲ ಗಾಳೀಲಿ ತೇವ ಜಾಸ್ತಿ, ಅಲ್ವಾ? ಒಳಗಿನ ಬಣ್ಣ ಬೇರೆ. ತಿಳಿಹಸಿರು. ತುಂಬಾ ಹಟಮಾರಿ ಬಣ್ಣ."

ಹೀಗೆನ್ನುವಾಗ ತೂರೆ ಕಿಟಕಿಯ ಕಡೆ ನೋಡುತ್ತಿದ್ದ. ಹೊರಗೆ ಮೇ ತಿಂಗಳ ಬಿಸಿಲು ಬರ್ಚ್ ಮರಗಳ ಮೇಲೆ ಹೊಳೆಯುತ್ತಿತ್ತು. ಹಗ್ಗದ ಮೇಲಿನ ಅಂಗಿಗಳು ಊಟ ಮುಗಿಯುವಷ್ಟರಲ್ಲಿ ಒಣಗಿದ್ದವು. ಮೇಜಿನ ಮೇಲೆ ಫೋಲ್ಕೆಗಾಗಿ ಕಟ್ಟಿದ ಟ್ಯಾಂಕು, ಅವನ ಆ ತಲೆಯಿಲ್ಲದ ಆಮೆ, ಕೂತಿತ್ತು. ಬಣ್ಣ ಒಣಗಿ ಎಷ್ಟೋ ಕಾಲವಾಗಿತ್ತು. ಮೇಲ್ಚಿಪ್ಪನ್ನು ಕೆಳಚಿಪ್ಪಿಗೆ ಅಂಟಿಸಿ, ಉಜ್ಜಿ, ಕೂಡಿದ ಗೆರೆ ಕೂಡ ಕಾಣದಂತೆ ಮಾಡಿಯಾಗಿತ್ತು. ಗೋಡೆಯಲ್ಲಿ ವಸಂತದ ಪ್ರದರ್ಶನದ ಮೊದಲ ಬಹುಮಾನದ ಫಲಕ ನೇತಾಡುತ್ತಿತ್ತು, ಮುಖ ಗೋಡೆಯ ಕಡೆಗೆ. ತಿರುಗಿಸಿಟ್ಟವನು ಅವನೇ.

ಊರಿನ ಮಾಡೆಲ್ ಕಟ್ಟುವವರ ಕ್ಲಬ್ಬಿನಲ್ಲಿ ಒಂದು ಪದ್ಧತಿಯಿದೆ. ಟ್ಯಾಂಕಿನ ಒಳಗೆಲ್ಲ ಕಟ್ಟಿ ಮುಗಿಸಿದ ಮೇಲೆ ಮುಚ್ಚಳ ಅಂಟಿಸಲೇಬೇಕು. ಅಂಟಿಸಿದರೆ ಅಷ್ಟು ಕೆಲಸವೂ ಕತ್ತಲಿಗೆ ಹೋಗುತ್ತದೆ. ಅದಕ್ಕೇ ಮುಚ್ಚುವ ಮುನ್ನ ಕಾಫಿ ಇಟ್ಟು, ಯಾರಿಗಾಗಿ ಕಟ್ಟಿದ್ದೋ ಅವರನ್ನು ಕರೆಯುತ್ತಾರೆ. ಅವರು ಕಣ್ತುಂಬ ನೋಡಬೇಕು, ಕೊನೆಯ ಚೂರನ್ನು ತಮ್ಮ ಕೈಯಿಂದ ಒಳಗಿಡಬೇಕು. ಇದು ಮುಚ್ಚಳದ ಕಾಫಿ. ಫೋಲ್ಕೆ ಇಡಬೇಕಾಗಿದ್ದ ಚೂರು ಬೆಣ್ಣೆ ಹಚ್ಚುವ ಒಂದು ಮರದ ಚಾಕು, ಅಕ್ಕಿಕಾಳಿಗಿಂತ ಚಿಕ್ಕದು. ನಿಜವಾದ ಚಾಕುವನ್ನು ಅವನ ಟ್ಯಾಂಕಿನ ಚಾಲಕ ಹೆನ್ನಿಂಗ್ ಜುನಿಪರ್ ಮರದಲ್ಲಿ ಕೆತ್ತಿದ್ದನಂತೆ. ಹೆನ್ನಿಂಗ್ ಈಗ ಇಲ್ಲ. ಫೋಲ್ಕೆ ಆ ಚಾಕುವನ್ನೇ ತಂದುಕೊಟ್ಟು, ಹಿಡಿಯ ತುದಿಯಿಂದ ಸಿಬಿರು ತೆಗೆದುಕೋ, ಅದರಲ್ಲೇ ಮಾಡು ಎಂದಿದ್ದ. ತೂರೆ ಮಾಡಿದ್ದ. ಮಾಡಿ, ಹಿಂದೆ ಚಿನ್ನದ ಹಲ್ಲು ಇಡುತ್ತಿದ್ದ ಪುಟ್ಟ ಡಬ್ಬಿಯಲ್ಲಿಟ್ಟಿದ್ದ. ಅದು ಈಗಲೂ ಅಲ್ಲೇ ಇತ್ತು.

"ಹಲೋ? ಇದೀನಿ, ಕೇಳಿಸ್ತಿದೆ. ಈಗ ಹೇಳು, ಏನಂದ್ರು ಡಾಕ್ಟ್ರು?"

…

"ಇನ್ನೊಂದು ಕಣ್ಣೂನಾ?"

…

"ಬೆಳಕು, ನೆರಳು. ಅಷ್ಟೇನಾ? ಮುಖ ಗೊತ್ತಾಗಲ್ವಾ? ನಿನ್ನ ಮುಖ?"

…

"ಚಳಿಗಾಲದಲ್ಲಿ ಆ ಕಣ್ಣು ಚೆನ್ನಾಗಿತ್ತಲ್ವಾ ಸೋಲ್ವೈ? ಫೆಬ್ರವರೀಲಿ ನಮ್ಮನೆಗೆ ಬಂದಾಗ ಭೂತಗನ್ನಡಿ ಹಿಡ್ಕೊಂಡು ಸೀಟಿನ ಹೊಲಿಗೆ ಎಣಿಸಿದ್ನಲ್ಲ. ಒಂದು ಹೊಲಿಗೆ ಕಮ್ಮಿ ಇದೆ ಅಂತ ನನ್ನನ್ನೇ ರೇಗಿಸಿದ್ನಲ್ಲ."

…

"ಇಲ್ಲ, ಅಳ್ತಿಲ್ಲ. ಅಂಟಿನ ವಾಸನೆ, ಮೂಗಿಗೆ ಹೊಡೀತು."

ಅಂಟಿನ ಶೀಶೆಯ ಬಿರಡೆ ಬಿಗಿಯಾಗಿಯೇ ಇತ್ತು.

ಮಾರ್ಚಿನಲ್ಲಿ ನಡೆದದ್ದು ಇಷ್ಟು. ಪ್ರದರ್ಶನ ಹತ್ತಿರ ಬಂದಿತ್ತು. ಫೋಲ್ಕೆಗೆ ಶೀತ, ಹೊರಗೆ ಬರುವ ಹಾಗಿರಲಿಲ್ಲ. ಎರಡು ವಾರ ಕಾದಿದ್ದರೆ ಮುಗಿಯುತ್ತಿತ್ತು. ಆದರೆ ಮುಚ್ಚಿದ ಟ್ಯಾಂಕಿನ ಬಾಗಿಲ ಕಿಂಡಿಯಿಂದ ತೀರ್ಪುಗಾರರು ಪುಟ್ಟ ದೀಪ ಬಿಟ್ಟು ಇಣುಕಿ ಬೆರಗಾಗುವುದನ್ನು ತೂರೆ ಕನಸಿನಲ್ಲಿ ಕಾಣತೊಡಗಿದ್ದ. ಒಂದು ಬೆಳಿಗ್ಗೆ ಎದ್ದವನೇ ಮುಚ್ಚಳ ಅಂಟಿಸಿದ. ಚಾಕುವನ್ನು ತಾನೇ ತೂಗುಹಾಕಲು ಕೈ ಬರಲಿಲ್ಲ, ಅದು ಫೋಲ್ಕೆಯ ಕೆಲಸ. ಹಾಗಾಗಿ ಫೆಬ್ರವರಿಯ ನಂತರ ಅದಕ್ಕೆಂದೇ ಒಳಗೆ ನೆಟ್ಟಿದ್ದ ಕೊಕ್ಕೆ ಖಾಲಿಯೇ ಉಳಿಯಿತು. ತೀರ್ಪುಗಾರರು ಇಣುಕಿದರು, ಬೆರಗಾದರು. ಖಾಲಿ ಕೊಕ್ಕೆಯ ಬಗ್ಗೆ ಯಾರೂ ಕೇಳಲಿಲ್ಲ.

"ಏನಂದೆ? ಇವತ್ತೇನಾ? ಸ್ಟೇಷನ್ನಿಂದ ನೇರ ಇಲ್ಲಿಗಾ?"

…

"ಹಾಗಲ್ಲಮ್ಮ, ಮನೆ ನೋಡೋ ಹಾಗಿಲ್ಲ. ಹಾಲೂ ಇಲ್ಲ. ತಿನ್ನೋಕೆ ಏನೂ ಇಲ್ಲ."

…

"ದಾಲ್ಚಿನ್ನಿ ಬನ್ನು ಅವನೇ ತಗೊಂಡ್ನಾ? ತಡಕಾಡಿ ಆರಿಸಿದ್ನಾ? ದೊಡ್ಡದು ಯಾವುದು ಅಂತ ಕೈಯಲ್ಲೇ ತೂಗಿ… ಸರಿ, ಅದು ಅವನೇ."

…

"ಸೋಲ್ವೈ, ಕೇಳು. ಅವನು ಬಂದು ಕೂತು, ನಾನು ಟ್ಯಾಂಕು ಅವನ ಕೈಗೆ ಕೊಟ್ರೆ… ಅವನಿಗೆ ಕಾಣಲ್ಲ ಅಲ್ವಾ. ಒಳಗೆ ಏನಿದೆ ಏನಿಲ್ಲ, ಗೊತ್ತಾಗಲ್ಲ."

…

"ಇಲ್ಲ, ಸಮಾಧಾನಕ್ಕೆ ಹೇಳಿದ್ದಲ್ಲ ಅದು. ನನ್ನ ಬುದ್ಧಿ ಎಂಥ ಮೋಸಕ್ಕಿಳೀತು ಅಂತ ನನಗೇ ಕೇಳಿಸ್ಲಿ ಅಂತ ಹೇಳಿದ್ದು. ಫೋನ್ ಅವನಿಗೆ ಕೊಡು. ಕೊಡಮ್ಮ, ಸುಮ್ನೆ ಕೊಡು."

ಫೋನು ಕೈ ಬದಲಾಗುವಷ್ಟರಲ್ಲಿ ತೂರೆ ಎದ್ದು ನಿಂತಿದ್ದ. ಯಾಕೆ ನಿಂತನೋ ಅವನಿಗೇ ತಿಳಿಯದು. ಸೈನ್ಯಕ್ಕೆ ಹೋದಾಗ ಅವನು ಅಡಿಗೆಮನೆಯಲ್ಲಿದ್ದವನು, ಟ್ಯಾಂಕಿನೊಳಗೆ ಒಂದು ದಿನವೂ ಕೂತವನಲ್ಲ. ಫೋಲ್ಕೆ ಇದನ್ನೇ ಹಿಡಿದು ಅವನನ್ನು ಸೌಟಿನ ಸೇನಾಪತಿ ಎಂದು ಕರೆಯುತ್ತಿದ್ದ.

"ಫೋಲ್ಕೆ? ಹಾಂ, ಸೇನಾಪತಿಯೇ. ನಗಬೇಡ. ಮೊದಲು ನನ್ನ ಮಾತು ಕೇಳು."

…

"ಬಣ್ಣ ಒಣಗಿದೆ. ಯಾವತ್ತೋ ಒಣಗಿದೆ. ಮುಚ್ಚಳ ಅಂಟಿಸಿಬಿಟ್ಟೆ ಕಣೋ. ಮಾರ್ಚಲ್ಲೇ. ನಿನ್ನ ಕರೀದೆ. ಬಹುಮಾನಕ್ಕೋಸ್ಕರ."

…

"ಫೋಲ್ಕೆ? ಲೈನಲ್ಲಿದೀಯಾ?"

…

"ಮಾತಾಡು. ಬೈದಾದ್ರೂ ಬಿಡು."

ರೈಲಿನ ಗಾಲಿಗಳ ಸದ್ದಿನ ನಡುವೆ ಫೋಲ್ಕೆ ಒಂದು ಪ್ರಶ್ನೆ ಕೇಳಿದ. ತೂರೆ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡ.

"ಬಂತು, ಮೊದಲನೇ ಬಹುಮಾನ ಬಂತು. ನಿನಗೆ ಹೇಳಿಲ್ಲ. ಹೇಳಿದ್ರೆ ಮುಚ್ಚಿದ್ದು ಗೊತ್ತಾಗ್ತಿತ್ತು."

…

"ಚಾಕು ಒಳಗಿಲ್ಲ. ಡಬ್ಬೀಲಿದೆ. ಅದನ್ನ ನಾನು ಇಡ್ಲಿಲ್ಲ, ಅಷ್ಟು ಮಾತ್ರ ಮರ್ಯಾದೆ ಉಳಿಸ್ಕೊಂಡಿದೀನಿ. ಕೊಕ್ಕೆ ಇದೆ, ಖಾಲಿ."

…

"ಎಲ್ಲಿ ಅಂದ್ರೆ? ನೀನು ಹೇಳಿದ ಕಡೆಗೇ. ಎಡಕ್ಕೆ. ಎಡಗಡೆ ಗೋಡೆ ಮೇಲೆ, ರೇಡಿಯೋ ಪಕ್ಕ."

…

"ಯಾಕೋ ನಗ್ತೀಯ?"

…

"ನಿನ್ನ ಎಡಕ್ಕೇ. ಟ್ಯಾಂಕಿನ ಎಡಗಡೆ ಗೋಡೆ, ಮೂತಿ ಕಡೆಗೆ ಮುಖ ಮಾಡಿದ್ರೆ…"

ಇಷ್ಟೆಂದವನೇ ತೂರೆ ಟ್ಯಾಂಕಿನ ಮೂತಿಯನ್ನು ನೋಡಿದ. ಟ್ಯಾಂಕು ಕಟ್ಟುವವರೆಲ್ಲ ಮೂತಿ ನೋಡಿಯೇ ಎಡ ಬಲ ಎನ್ನುತ್ತಾರೆ; ಅವರಿಗೆ ಅದು ಉಸಿರಾಟದಷ್ಟು ಸಹಜ. ಆದರೆ ಫೋಲ್ಕೆ ಕೂತಿದ್ದು ಆ ಗೋಡೆಯ ಪಕ್ಕ, ಮೂತಿಗೆ ಬೆನ್ನು ಹಾಕಿ. ಅವನ ಎಡಗೈ ಇದ್ದದ್ದು ಗೋಡೆಯ ಕಡೆಯಲ್ಲ, ನಡುವೆ ಫಿರಂಗಿಯ ಕಡೆ. ಇಂಥ ತಪ್ಪು ಎಂಥ ತೀರ್ಪುಗಾರನ ದೀಪಕ್ಕೂ ಕಾಣುವುದಿಲ್ಲ. ಅಲ್ಲಿ ಕೂತಿದ್ದವನೊಬ್ಬನೇ ಹಿಡಿಯಬಲ್ಲ. ಮುಚ್ಚಳ ಹಾಕುವ ಮುನ್ನ ಅವನನ್ನು ಕಾಫಿಗೆ ಕರೆಯುವುದು ಯಾಕೆಂದು, ಎಷ್ಟೋ ಮುಚ್ಚಳಗಳನ್ನು ಹಾಕಿದ ತೂರೆಗೆ ಈಗ ಅರ್ಥವಾಯಿತು.

"ಅಯ್ಯೋ ದೇವರೇ. ಉಲ್ಟಾ ಹಾಕಿದೀನಿ."

…

"ಬಲಗೈ ರೇಡಿಯೋ ಮೇಲೆ. ಹಾಂ. ಎಡಗೈ ಮಾತ್ರ ಬಿಡುವು, ರೊಟ್ಟಿಗೆ. ಸರಿ."

…

"ಹೆನ್ನಿಂಗ್‌ಗಾ? ಅವನಿಗೆ ಹೇಗೆ ಎಟುಕುತ್ತೆ? ಅವನು ಆ ಕಡೆ ಮುಖ, ನೀನು ಈ ಕಡೆ ಮುಖ."

…

"ನಿಧಾನಕ್ಕೆ ಹೇಳು. ನಿಮ್ಮಿಬ್ರದೂ ಬೆನ್ನಿಗೆ ಬೆನ್ನು. ನಿನ್ನ ಎಡ ಅಂದ್ರೆ… ಅವನ ಬಲ."

…

"ಅವನು ತಿರುಗದೇನೇ ಬಲಗೈ ಹಿಂದಕ್ಕೆ ಚಾಚ್ತಿದ್ದ. ನೀನು ಬೆಣ್ಣೆ ಹಚ್ಚಿ, ಚಾಕು ಕೊಕ್ಕೆಗೆ. ಅವನು ಅಲ್ಲಿಂದ ತಗೊಂಡು, ಹಚ್ಚಿ, ಮತ್ತೆ ಅಲ್ಲಿಗೇ. ಒಬ್ಬರ ಮುಖ ಒಬ್ಬರು ನೋಡದೆ."

…

"ನಾನು ಹಾಕಿದ ಕಡೆ ಅವನ ಕೈಗೆ ಸಿಗ್ತಾನೇ ಇರ್ಲಿಲ್ಲ, ಅಲ್ವಾ? ಎಡಗೈ ಓಡಿಸೋದ್ರಲ್ಲಿ… ಹಾಂ. ಒಣ ರೊಟ್ಟಿ ತಿನ್ನಿಸ್ತಿದ್ದೆ ಅವನಿಗೆ."

ತೂರೆ ಹಣೆಯ ಮೇಲಿದ್ದ ಮಸೂರವನ್ನು ಕಣ್ಣಿಗೆ ಇಳಿಸಿಕೊಂಡ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿದ. ಹಲ್ಲಿನ ಸೆಟ್ಟು ಕೊಯ್ಯುವ ತೆಳುಗರಗಸ ಗೂಡಿನಲ್ಲೇ ಇತ್ತು. ಕಾಣದಂತೆ ಅಡಗಿಸಿದ್ದ ಕೂಡುಗೆರೆಯನ್ನು ಉಗುರಿನಿಂದ ಹುಡುಕಿದ. ಮಾಡಿದವನಿಗೆ ಮಾತ್ರ ಗೊತ್ತಾಗುವಷ್ಟು ಸಣ್ಣ ಉಬ್ಬು ತಾಗಿತು.

"ಕೇಳಿಸ್ತಿದೆಯಾ? ಗರಗಸ ಅದು."

…

"ಹಾಳಾಗ್ಲಿ ಬಿಡು. ಹಾಳಾಗ್ಬೇಕಾದ್ದೇ."

…

"ಬಾಗಿಲ ಕಿಂಡಿಯಿಂದ ತೂರಿಸೋಕಾಗಲ್ಲ ಮಾರಾಯ. ಕೊಕ್ಕೆ ಕೀಳಬೇಕು, ಆ ಕಡೆ ನೆಡಬೇಕು. ಹೊಟ್ಟೆ ಕೊಯ್ಯದೆ ಆಗಲ್ಲ."

…

"ಅರ್ಧ ಕೊಯ್ದಾಯ್ತು. ಮಾತಾಡ್ತಾ ಇರು ನೀನು, ಏನಾದ್ರೂ ಮಾತಾಡು."

ಫೋಲ್ಕೆ ಏನು ಮಾತಾಡಿದನೋ, ತೂರೆ ಒಮ್ಮೆ ನಕ್ಕ, ಒಮ್ಮೆ ಮೂಗೊರೆಸಿಕೊಂಡ, ಎರಡು ಸಲ ಹೌದಾ ಎಂದ. ಬಿಳಿ ಪುಡಿ ಮೇಜಿನ ಮೇಲೆ ಸಣ್ಣ ಹಿಮದಂತೆ ಉದುರಿತು. ಹಿಂದಿನ ಮೂಲೆಯಲ್ಲಿ ಬಣ್ಣ ಚಕ್ಕೆಯೆದ್ದಿತು, ಒಂದು ಪಟ್ಟಿ ಮುರಿಯಿತು. ಆಮೇಲೆ ಮೇಲ್ಚಿಪ್ಪು ಚಟ್ ಎಂದು ಬಿಟ್ಟುಕೊಂಡಿತು. ಮಾರ್ಚಿನಿಂದ ಕತ್ತಲಲ್ಲಿದ್ದ ತಿಳಿಹಸಿರು ಕೋಣೆಗೆ ಬಿಸಿಲು ಬಿತ್ತು. ಹಳೆ ಟೆಲಿಫೋನಿನ ತಂತಿಯಿಂದ ಮಾಡಿದ ಕೇಬಲ್ಲುಗಳು, ಚಾಕೊಲೇಟಿನ ಬೆಳ್ಳಿಕಾಗದದ ಕನ್ನಡಿಗಳು, ಒಂದು ಹೊಲಿಗೆ ಕಮ್ಮಿಯಿದ್ದ ಸೀಟು. ಬೆನ್ನಿಗೆ ಬೆನ್ನು ಕೊಟ್ಟ ಇನ್ನೊಂದು ಸೀಟು. ತಪ್ಪು ಕಡೆಯಲ್ಲೊಂದು ಖಾಲಿ ಕೊಕ್ಕೆ.

"ತೆರೀತು."

…

"ಇಲ್ಲಪ್ಪಾ, ಚಾಕು ನಿನ್ನ ಕೈಯಲ್ಲೇ ಇಡಿಸ್ಬೇಕು ಅಂತ. ನೀನು ಬರೋ ತನಕ ಕಾಯ್ತೀನಿ."

…

"ಯಾಕೆ ಬೇಡ?"

…

"ನಾನು ಎತ್ತಿ ಕೊಟ್ರೂ… ಹಾಂ. ಗೊತ್ತಾಯ್ತು. ಹೌದು, ಕೈ ತಾಗಿ ಎಲ್ಲಾದ್ರೂ ಬಿದ್ದುಹೋದ್ರೆ ಇನ್ನೊಂದು ಸಿಬಿರಿಗೆ ಹಿಡೀನೇ ಉಳಿಯಲ್ಲ."

…

"ಮುಚ್ಚಳ? ಮುಚ್ಚಳ ನೀನು ಹಾಕ್ತೀಯಾ?"

…

"ಸರಿ. ಅಷ್ಟಕ್ಕೆ ಕಣ್ಣು ಬೇಡ, ನಿಜ. ಅಂಟು ಹಾಕಲ್ಲ, ಆಣೆಗೂ ಹಾಕಲ್ಲ. ಸುಮ್ನೆ ಕೂರ್ಲಿ, ಬೇಕಾದಾಗ ತೆಗೀಬಹುದು. ಬನ್ನು ಚಪ್ಪಟೆ ಮಾಡ್ಕೊಂಡು ಬರಬೇಡಿ ಮತ್ತೆ."

ಚಿಮುಟದಿಂದ ಹಳೆ ಕೊಕ್ಕೆ ಕಿತ್ತ. ಫಿರಂಗಿಯ ಕವಚದ ಮೇಲೆ ಸೂಜಿಯಿಂದ ತೂತು ಮಾಡಿ, ಕೂದಲಷ್ಟು ತೆಳುವಾದ ತಾಮ್ರದ ತಂತಿ ಬಗ್ಗಿಸಿ ನೆಟ್ಟ. ಎಷ್ಟು ಎತ್ತರಕ್ಕೆ ಎಂದು ಕೇಳಿದ. ಮೊಣಕೈ ಮಡಿಸಿದರೆ ಹೆಬ್ಬೆರಳು ತಾಗುವಷ್ಟಕ್ಕೆ ಎಂಬ ಉತ್ತರ ಬಂದಿರಬೇಕು. ಅವನು ಸ್ಟೂಲಿನ ಮೇಲೆ ಕೂತಲ್ಲೇ ತನ್ನ ಎಡ ಮೊಣಕೈ ಮಡಿಸಿ, ಹೆಬ್ಬೆರಳು ಎಲ್ಲಿಗೆ ಬರುತ್ತದೆಂದು ನೋಡಿ, ಅಷ್ಟನ್ನೇ ಆ ಅಂಗೈಯಗಲದ ಲೋಕದ ಅಳತೆಗೆ ಇಳಿಸಿಕೊಂಡ. ಚಿನ್ನದ ಹಲ್ಲಿನ ಡಬ್ಬಿ ತೆರೆದ. ಜುನಿಪರಿನ ಖಾರವಾದ ವಾಸನೆ ಅಷ್ಟು ಚಿಕ್ಕ ಚೂರಿನಲ್ಲೂ ಇತ್ತು, ಅಥವಾ ಇದೆಯೆಂದು ಅವನಿಗನ್ನಿಸಿತು.

"ಎತ್ಕೊಂಡೆ. ಈಗ ಮಾತಾಡ್ಬೇಡ."

…

"ನಿನ್ನ ಸೀಟು ದಾಟ್ತು."

…

"ಸೋಲ್ವೈಗೂ ಸುಮ್ನಿರೋಕೆ ಹೇಳು. ಒಂದೇ ಒಂದು ಕ್ಷಣ."

…

"ಕೂತ್ಕೊಳ್ತು. ನಿನ್ನ ಎಡಗೈಗೆ, ಅವನ ಬಲಗೈಗೆ. ಸಿಗೋ ಹಾಗಿದೆ, ಇಬ್ರಿಗೂ ಸಿಗೋ ಹಾಗಿದೆ. ಕೇಳಿಸ್ತಾ?"

…

"ಫೋಲ್ಕೆ?"

ಆ ಕಡೆ ಗಾಲಿಗಳ ಸದ್ದು ತುಂಡಾಯಿತು, ಆಮೇಲೆ ಏನೂ ಇಲ್ಲ. ರೈಲು ಕಾಡು ಹೊಕ್ಕಿತ್ತು. ಮಸೂರದ ಕೆಳಗೆ, ಹೆಸರು ಕರೆದ ಉಸಿರು ತಾಗಿ, ಪುಟ್ಟ ಚಾಕು ಎರಡು ಸೀಟುಗಳ ನಡುವೆ ಮೆಲ್ಲಗೆ ತೂಗುತ್ತಿತ್ತು, ಆಮೆ ಎಲ್ಲಿಗೋ ಹೊರಟಿದೆಯೆಂಬಂತೆ.