ಹಗ್ಗ ಕಟ್ಟುವ ಮೊದಲು

ಬಂದರಿನಿಂದ ಹೊಳೆಯಾಚೆಯ ಬೆಂಗ್ರೆಗೆ ಹೋಗುವ ಬೋಟಿನಲ್ಲಿ ನನ್ನ ಎದುರು ಇಬ್ಬರು ಕೂತಿದ್ದರು. ಒಬ್ಬಳು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡ ಹುಡುಗಿ. ಇನ್ನೊಬ್ಬರು ಹಿಂದೆ ಇದೇ ಬೋಟು ಓಡಿಸುತ್ತಿದ್ದ ಅಜ್ಜ.

“ಪಿಎಚ್‌ಡಿ ಎಲ್ಲಿಗೆ ಮುಟ್ಟಿತು, ಹನಾನ್?”

“ಒಂದು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ, ದುಗ್ಗಪ್ಪಜ್ಜ. ಅಯಾನು ಅಂತ ಚಾರ್ಜ್ ಇರುವ ಸಣ್ಣ ಕಣ. ಅದು ತೀರಾ ತೆಳು ಹಾಳೆಯನ್ನು ದಾಟುವಾಗ ಎಷ್ಟು ಶಕ್ತಿ ಕಳ್ಕೊಳ್ತದೆ ಅಂತ ನನ್ನ ಲೆಕ್ಕ. ಜೋರು ಹೋಗುವ ಕಣಕ್ಕೆ ಸರಿ ಬರ್ತದೆ. ನಿಧಾನದ್ದಕ್ಕೆ ಒಂದು ವರ್ಷದಿಂದ ತಪ್ಪುತ್ತಾ ಉಂಟು.”

“ಹಾಳೆಯಲ್ಲಿ ಎಂತ ಉಂಟು?”

“ಎಲೆಕ್ಟ್ರಾನು. ಅಯಾನಿಗೆ ಕಮ್ಮಿ ಇರುವುದೂ ಅದೇ.”

“ಅಂದ್ರೆ ನಿನ್ನ ಕಣದಲ್ಲಿ ಜಾಗ ಖಾಲಿ, ಹಾಳೆಯಲ್ಲಿ ಜನ ಕಾಯ್ತಾ ಇದ್ದಾರೆ. ಅವರು ಯಾವಾಗ ಹತ್ತುವುದು?”

“ನಾನು ಹತ್ತಿಸಲೇ ಇಲ್ಲ. ದಾಟಿ ಮುಗಿಯುವವರೆಗೆ ಚಾರ್ಜ್ ಅಷ್ಟೇ ಇರ್ತದೆ ಅಂತ ಹಿಡಿದಿದ್ದೇನೆ.”

“ಅಲ್ಲಿ ನೋಡು ಮಾರಾಯ್ತಿ.”

ಎಂಜಿನ್ ನಿಂತಿತ್ತು. ಬೋಟು ಜೆಟ್ಟಿಗೆ ಇನ್ನೂ ತಾಗಿರಲಿಲ್ಲ. ಅಲ್ಲಿ ಕಾದು ನಿಂತವರು ಆಗಲೇ ಬೋಟಿನೊಳಗೆ ಹಾರುತ್ತಿದ್ದರು.

“ಜೋರು ಹೋಗುವ ಬೋಟಿಗೆ ಯಾರೂ ಹಾರುವುದಿಲ್ಲ. ನಿಧಾನ ಆದ್ರೆ ಹಗ್ಗ ಕಟ್ಟುವವರೆಗೆ ಯಾರು ಕಾಯ್ತಾರೆ? ಜನ ಹತ್ತಿದ ಮೇಲೆ ಅದು ಖಾಲಿ ಬೋಟಿನ ಹಾಗೆ ಹೋಗ್ತದಾ?”

ಹನಾನ್ ಹಾರುತ್ತಿದ್ದವರಿಂದ ಅಜ್ಜನ ಕಡೆಗೆ ತಿರುಗಿದಳು.

“ಅಂದ್ರೆ ನಿಧಾನದ ಅಯಾನಿಗೆ ದಾಟುವಾಗಲೇ ಎಲೆಕ್ಟ್ರಾನು ಹತ್ತಿ ಚಾರ್ಜ್ ಕಮ್ಮಿ ಆಗ್ತದೆ, ನನ್ನ ಲೆಕ್ಕ ತಪ್ಪುವುದು ಅಲ್ಲೇ! ಇದು ನಿಮಗೆ ಹೇಗೆ ಹೊಳೆಯಿತು ಅಜ್ಜ?”

“ನಲವತ್ತು ವರ್ಷ ಇದಕ್ಕೇ ಜನರಿಗೆ ಬೈದದ್ದು ನಾನು. ಇದ್ರಲ್ಲಿ ಒಂದು ಲೆಕ್ಕ ಉಂಟು ಅಂತ ಕಂಡದ್ದು ನಿನಗೆ. ಅದು ದೊಡ್ಡದು.”

ಹಗ್ಗ ಇನ್ನೂ ಕಟ್ಟಿರಲಿಲ್ಲ. ಹನಾನ್ ಲ್ಯಾಪ್‌ಟಾಪನ್ನು ಎದೆಗೆ ಒತ್ತಿಕೊಂಡು ಜೆಟ್ಟಿಗೆ ಹಾರಿ ಓಡಿದಳು.

ಅಜ್ಜ ಬೈಯಲಿಲ್ಲ.